ಪಾಯದ ಪಕ್ಕದ ಪೈಪು

ಕಟ್ಟಡದ ಭಾರ ಪಾಯದ ಅಡಿಗಷ್ಟೇ ಇಳಿಯುವುದಿಲ್ಲ, ಮಣ್ಣಿನೊಳಗೆ ಅಕ್ಕಪಕ್ಕಕ್ಕೂ ಹರಡುತ್ತದೆ. ಅಜ್ಜಂಪುರದ ನೀರುಗಂಟಿ ಗುಲಾಮ್ ಮೊಹಿದ್ದೀನ್ ಇದನ್ನು ಕಲಿತದ್ದು ಕಾಲೇಜಿನಲ್ಲಲ್ಲ. ಒಡೆದ ಪೈಪುಗಳಿಗಾಗಿ ಇಪ್ಪತ್ತೆಂಟು ವರ್ಷ ಎರೆಮಣ್ಣು ಅಗೆದು.

ಊರಿನ ಸಾಹುಕಾರ ಷಣ್ಮುಖಪ್ಪನವರ ಮೂರಂತಸ್ತಿನ ಕಾಂಪ್ಲೆಕ್ಸಿನ ಗುದ್ದಲಿ ಪೂಜೆಗೆ ಮೊಹಿದ್ದೀನರನ್ನು ಕರೆದದ್ದು ಕೋಸಂಬರಿ ತಿನ್ನಲಿಕ್ಕಷ್ಟೇ. ಈಶಾನ್ಯ ಮೂಲೆಯಲ್ಲಿ ಪಿಲ್ಲರಿಗೆಂದು ತೋಡಿದ ಗುಂಡಿ ನೋಡಿದ್ದೇ ಅವರು ದೊನ್ನೆ ಕೆಳಗಿಟ್ಟರು.

"ಸಾವ್ಕಾರ್ರೇ, ಇಲ್ಲಿಂದ ಒಂದೂವರೆ ಅಡಿ ಪಕ್ಕಕ್ಕೆ ನಲವತ್ತು ಮನೆಗೆ ನೀರು ಹೋಗೋ ಪೈಪೈತೆ. ಪಿಲ್ಲರ್ ಒಂದು ಮಾರು ಒಳಕ್ಕೆ ತಗೊಳ್ಳಿ."

"ಪಕ್ಕದಲ್ಲೈತೆ ಸಾಬ್ರೇ, ಕೆಳಗಲ್ವಲ್ಲ! ಮೂಲೆ ಬಿಟ್ರೆ ವಾಸ್ತು ಕೆಡ್ತದೆ."

"ಮಣ್ಣಿಗೆ ವಾಸ್ತು ಗೊತ್ತಿಲ್ಲ ಕಣ್ರೀ. ಭಾರ ಬಿದ್ರೆ ಪಕ್ಕಕ್ಕೂ ಒತ್ತುತ್ತೆ."

ಎಲ್ಲರೂ ನಕ್ಕರು. ಕಾಂಪ್ಲೆಕ್ಸಿನ ಇಂಜಿನಿಯರ್ ಸಾಹೇಬ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಪಿಲ್ಲರ್ ಅದೇ ಮೂಲೆಯಲ್ಲೇ ಎದ್ದಿತು.

ಮೂರನೇ ಅಂತಸ್ತು ಎದ್ದ ತಿಂಗಳಿಗೇ ಮಣ್ಣು ಕುಸಿದು ಪೈಪಿನ ಜಾಯಿಂಟು ಬಾಯಿಬಿಟ್ಟಿತು, ಪಕ್ಕದ ಚರಂಡಿ ನೀರು ಒಳನುಗ್ಗಿತು. ನಲವತ್ತು ಮನೆಯವರೂ ಹೊಟ್ಟೆ ಹಿಡಿದುಕೊಂಡು ಬಂದು ಬೈದದ್ದು ಷಣ್ಮುಖಪ್ಪನವರನ್ನಲ್ಲ.

"ನೀರು ಬಿಡೋನು ನೀನೇ ಅಲ್ವೇನಯ್ಯಾ?"

ಮೊಹಿದ್ದೀನ್ ಮತ್ತೆ ಹಾರೆ ಹಿಡಿದರು. ನೀವೂ ಮನೆ ಕಟ್ಟಿಸುವವರೇ ತಾನೇ? ಪಾಯ ತೋಡುವ ಮೊದಲು ನಿಮ್ಮೂರಿನ ನೀರುಗಂಟಿಯನ್ನು ಕರೆದು ಪೈಪು ಎಲ್ಲಿದೆ ಎಂದು ಕೇಳಿ, ಅವರು ಹೇಳಿದಷ್ಟು ದೂರ ಸರಿಯಿರಿ.