ಹೊಗೆಗೂಡಿನ ಸಭೆ, ಶೋಶಮ್ಮನ ಏಟು

ನೆಲ್ಯಾಡಿಯ ಹೆದ್ದಾರಿ ಬಿಟ್ಟು ಒಳಗೆ ಗುಡ್ಡ ಹತ್ತಿದರೆ ಸಿಗುವ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಗೆ ಈಗ ಕಲ್ಲಿನ ಗೋಡೆ, ನಲವತ್ತು ಮನೆಯ ಜನ. ಮೊದಲು ಇದ್ದದ್ದು ಏಳು ಮನೆ, ರಬ್ಬರ್ ಶೀಟು ಒಣಗಿಸುವ ಒಂದು ಹೊಗೆಗೂಡು. ಗೂಡನ್ನು ಸಭೆಗೆ ಬಿಟ್ಟುಕೊಟ್ಟವನು ಶೋಶಮ್ಮನ ಗಂಡ ಕುರ್ಯಾಕೋಸ್. ಅದು ಅಣ್ಣ ಪೈಲಿಗೂ ಸೇರಿದ್ದು. ಅವನನ್ನು ಒಂದು ಮಾತು ಕೇಳದೆ ಕೊಟ್ಟ, ತಪ್ಪೆಂದರೆ ಅದೇ.

ಸಭೆ ಅಲ್ಲಿ ಸೇರತೊಡಗಿದ ಮೂರನೆಯ ಭಾನುವಾರ ಕೀರ್ತನೆ ಅರ್ಧಕ್ಕೆ ಬಂದಾಗ ಪೈಲಿ ಕತ್ತಿ ಹಿಡಿದು ನುಗ್ಗಿದ. ಬೆಂಚು ಕಡಿದ. ಪಾಸ್ಟರ ಎದೆಗೆ ಒದ್ದು ನೆಲಕ್ಕೆ ಕೆಡವಿದ.

"ಅಪ್ಪ ಕಟ್ಟಿದ ಗೂಡು ಇದು! ನಾನಿನ್ನು ಶೀಟು ಎಲ್ಲಿ ಒಣಗಿಸುದು, ನಿನ್ನ ತಲೆ ಮೇಲಾ?"

"ಅಚ್ಚಾಯ, ಮಕ್ಕಳಿದ್ದಾರೆ, ಕತ್ತಿ ಇಳಿಸಿ" ಎಂದು ಕುರ್ಯಾಕೋಸ್ ಅಣ್ಣನಿಗೆ ಕೈ ಅಡ್ಡ ಹಿಡಿದ. ಮೂರು ಬೆರಳು ಕೀರ್ತನೆ ಪುಸ್ತಕದ ಮೇಲೆ ಬಿದ್ದವು.

ಕತ್ತಿ ಮತ್ತೆ ಮೇಲೆ ಹೋಯಿತು. ಶೋಶಮ್ಮ ಮೂಲೆಯಲ್ಲಿದ್ದ ಶೀಟು ಒತ್ತುವ ಮೆಷಿನಿನ ಕಬ್ಬಿಣದ ಹ್ಯಾಂಡಲ್ ಕಿತ್ತು ಪೈಲಿಯ ಬಲ ಮೊಣಕೈಗೆ ಬೀಸಿದಳು. ಒಣ ಕೊಂಬೆ ಮುರಿದ ಸದ್ದು. ಕತ್ತಿ ಬಿತ್ತು, ಅವನೂ ಬಿದ್ದ. ಬಿದ್ದವನು ತಲೆಗೆ ಅಡ್ಡ ತಂದ ಅದೇ ಮೊಣಕೈಗೆ ಇನ್ನೆರಡು ಹಾಕಿದಳು. ಕೂಗುತ್ತಿದ್ದವನ ಕೂಗು ನಿಂತಿತು.

ಆಸ್ಪತ್ರೆಯಲ್ಲಿ ಅಣ್ಣತಮ್ಮಂದಿರಿಬ್ಬರೂ "ಮೆಷಿನಿಗೆ ಸಿಕ್ಕಿದ್ದು" ಎಂದರು. ಅಷ್ಟರಲ್ಲಿ ಮಾತ್ರ ಅವರಿಗೆ ಒಮ್ಮತ.

ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ಹಿಂದಿನ ವಾರ ಸಭೆಯ ಹಿರಿಯರು ಮನೆಮನೆಗೆ ಬಂದು ವಿಚಾರಿಸುವುದು ಕ್ರಮ. ಮನಸ್ಸಿನಲ್ಲಿ ಪಾಪ ಮುಚ್ಚಿಟ್ಟವರು ರೊಟ್ಟಿ ಮುಟ್ಟುವಂತಿಲ್ಲ.

"ಎಷ್ಟು ಏಟು ಹಾಕಿದ್ದು, ಶೋಶಮ್ಮ?"

"ಒಂದು. ಗಂಡನ ಜೀವ ಉಳಿಸ್ಲಿಕ್ಕೆ."

"ನಾವೂ ಅಲ್ಲೇ ಇದ್ದೆವಲ್ಲ ಮಾರಾಯ್ತಿ."

"ಇದ್ದು ಎಂತ ಮಾಡಿದ್ದು? ಬೆಂಚಿನಡಿ ಸೇರಿದ್ದು!"

ಇಪ್ಪತ್ತೇಳು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಹೊಸ ಗೋಡೆಗೆ ಕಲ್ಲು ಹೊತ್ತಳು, ಗಂಡನನ್ನು ಅದರ ಹಿಂದೆಯೇ ಮಣ್ಣು ಮಾಡಿದಳು. ರೊಟ್ಟಿಯ ತಟ್ಟೆ ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಬರುವಾಗ ಮಾತ್ರ, ಹಸಿದವಳ ಹಾಗೆ ನೋಡಿ ಮುಂದಕ್ಕೆ ದಾಟಿಸುವಳು. ಕೋಳಿಯ ಕಾಲು ಮುರಿದರೂ ಅವಳಿಗೆ ಆ ಸದ್ದೇ ಕೇಳುತ್ತಿತ್ತು.

ಕಳೆದ ವರ್ಷ ಹೊಸ ಕಟ್ಟಡದ ಮೊದಲ ಭೋಜನಕ್ಕೆ ಪೈಲಿ ಬಂದ. ಬಲಗೈ ಒಣಗಿ ನೇತಾಡುತ್ತಿತ್ತು. ಬಂದವನು ಕೊನೆಯ ಬೆಂಚಿನಲ್ಲಿ, ಅವಳ ಪಕ್ಕದಲ್ಲೇ ಕೂತ. ತಟ್ಟೆ ಬಂತು.

"ನೀನೇ ಹಿಡಿ. ನಿನಗೆ ಎರಡು ಕೈ ಉಂಟಲ್ಲ" ಎಂದ. ಮತ್ತೆ ತಗ್ಗಿದ ದನಿಯಲ್ಲಿ, "ಒಂದೇ ಏಟು ಅಂತ ಹೇಳ್ತಿಯಂತೆ?"

ಸ್ಟೀಲು ತಟ್ಟೆಯ ಅಂಚು ಮುಷ್ಟಿಯಲ್ಲಿ ಆ ಹ್ಯಾಂಡಲಿನ ಹಾಗೆಯೇ ತಣ್ಣಗಿತ್ತು. ಅವನ ಬಾಯಿಗೇ ಬೀಸಿಬಿಡಬೇಕು ಅನ್ನಿಸಿತು. ಬೀಸಲಿಲ್ಲ.

"ಮೂರು" ಎಂದಳು, ಮುಂದಿನ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ. "ಬಿದ್ದ ಮೇಲೆ ಎರಡು. ಸಾಯ್ಲಿ ಅಂತಲೇ ಹೊಡೆದದ್ದು."

ಪೈಲಿ ಎಡಗೈಯಲ್ಲಿ ರೊಟ್ಟಿ ತೆಗೆದ. "ನಾನೂ ತಮ್ಮನ ಕುತ್ತಿಗೆಗೇ ಬೀಸಿದ್ದು. ಕೈ ಅಡ್ಡ ಬಂತು."

ಹಿರಿಯರು ತಟ್ಟೆಗಾಗಿ ಕೈ ಚಾಚಿ ನಿಂತಿದ್ದರು. ಶೋಶಮ್ಮ ಕೊಡಲಿಲ್ಲ. ಮೊದಲು ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡಳು. ಒಣ ರೊಟ್ಟಿ, ಹಲ್ಲಿನಡಿ ಅದೇ ಸದ್ದು. ನಿಧಾನಕ್ಕೆ ಅಗಿದು ನುಂಗಿದಳು.