ಚಾಕಣ್ಣ ಸಾಕಿದ ಚಾಕು

ಚಾಕಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಮಿಕ್ಕ ದಿನಗಳಲ್ಲಿ ಪ್ರೆಸ್ಸಿನ ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವನು ಚಾಕಣ್ಣ. ಅಚ್ಚಾಗಿ ಬಂದ ಪುಸ್ತಕಗಳನ್ನು ಕಂದು ಕಾಗದದಲ್ಲಿ ಸುತ್ತಿ, ಹುರಿ ಬಿಗಿದು, ಕಟ್ಟು ಕಟ್ಟಿ ಕಳಿಸುವುದು ಅವನ ಕೆಲಸ. ಹುರಿ ಕೊಯ್ಯಲು ಅವನ ಷರಟಿನ ಜೇಬಿನಲ್ಲಿ ಸದಾ ಒಂದು ಮಡಿಸುವ ಚಾಕು ಇರುತ್ತಿತ್ತು. ಅದು ಅವನದು ಎನ್ನುವುದು ಹೆಸರಿಗಷ್ಟೆ. ಅದರ ಮೇಲೆ ಇಡೀ ಪ್ರೆಸ್ಸಿಗೆ ಹಕ್ಕಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಪ್ರೂಫ್ ಅಮ್ಮ. ಮಹಡಿಯ ಮೇಲೆ ಕೂತು ಕರಡು ತಿದ್ದುವ ಹಿರಿಯಾಕೆ, ಕೆಂಪು ಪೆನ್ಸಿಲ್ ಹಿಡಿದು ಮೆಟ್ಟಿಲಿಳಿದು ಬಂದು, "ಇದರ ಮೂತಿ ಸ್ವಲ್ಪ ಸರಿ ಮಾಡಪ್ಪಾ" ಎನ್ನುತ್ತಿದ್ದರು. ಆಮೇಲೆ ಬೈಂಡಿಂಗ್ ಅಕ್ಕ, ಕೈಯಲ್ಲೊಂದು ಸೇಬು. ಅವಳ ಹಿಂದೆಯೇ ಯಂತ್ರ ನಡೆಸುವ ಗುಡುಗಪ್ಪ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಯಂತ್ರ ನಿಂತಾಗಲೂ ಕೂಗಿಯೇ ಮಾತಾಡುವ ಮನುಷ್ಯ. ಶಾಯಿ ಡಬ್ಬಿಯ ಮುಚ್ಚಳ ಎಬ್ಬಿಸಲು ಅವನಿಗೆ ಚಾಕಣ್ಣನ ಚಾಕೇ ಆಗಬೇಕು.

ಇವರಲ್ಲಿ ಯಾರೂ ಕೆಲಸ ಮುಗಿದ ತಕ್ಷಣ ಹೊರಡುತ್ತಿರಲಿಲ್ಲ. ಕಟ್ಟಿಟ್ಟ ಪುಸ್ತಕಗಳ ಮೇಲೆ ಕುಂಡಿ ಊರಿ, ಯಾರ ಮನೆಯಲ್ಲಿ ಯಾರ ಜೊತೆ ಯಾರಿಗೆ ಮಾತು ಬಿಟ್ಟಿದೆ ಎಂಬುದರಿಂದ ಶುರು ಮಾಡುತ್ತಿದ್ದರು. ಸಂಜೆ ಚಾಕಣ್ಣ ಆ ಸುದ್ದಿಯನ್ನೆಲ್ಲ ಹೊತ್ತು ಮನೆಗೆ ಹೋದರೆ, ಅವನು ಚಪ್ಪಲಿ ಬಿಡುವ ಮೊದಲೇ ಹೆಂಡತಿ ಕೇಳುತ್ತಿದ್ದಳು: "ಹೂಂ, ಹೇಳಿ. ಇವತ್ತೇನು?"

ಇನ್ನು ಆ ಚಾಕಿನ ವಿಷಯ. ರಸ್ತೆ ಬದಿಯಲ್ಲಿ ಬಾಚಣಿಗೆ, ಬೀಗ, ಟಾರ್ಚುಗಳ ಜೊತೆ ಹರಡಿಕೊಂಡು ಮಾರುವವನ ಹತ್ತಿರ ಕೊಂಡದ್ದು. ಹಳದಿ ಪ್ಲಾಸ್ಟಿಕ್ಕಿನ ಹಿಡಿ. ಅದರ ಅಲುಗು ಹೆಸರಿಗೆ ತಕ್ಕಂತೆ ಅಲುಗುತ್ತಲೇ ಇತ್ತು. ತಿಂಗಳೊಪ್ಪತ್ತಿನಲ್ಲಿ ಮೊಂಡಾಗುತ್ತಿತ್ತು, ಮೊಂಡಾದರೆ ಮೆಟ್ಟಿಲ ಕಲ್ಲಿಗೆ ನಾಲ್ಕು ಸಲ ಉಜ್ಜಿದರಾಯಿತು. ಗುಡುಗಪ್ಪ ಅದರ ತುದಿ ಮುರಿದಾಗ ಯಾರೂ ಮರುಗಲಿಲ್ಲ. "ಮೂಗು ಹೋದ್ರೇನು, ಹಲ್ಲು ಗಟ್ಟಿ ಇದೆಯಲ್ಲ" ಎಂದು ಚಾಕಣ್ಣನೇ ನಕ್ಕಿದ್ದ. ಒಂದು ಕಳೆದುಹೋದರೆ ಅಂಥದೇ ಇನ್ನೊಂದು ಬರುತ್ತಿತ್ತು.

ಅದಕ್ಕೆ ಒಂದೇ ಒಂದು ದುರ್ಗುಣ. ಬಿಚ್ಚಿದ ಮೇಲೆ ಅಲುಗನ್ನು ಹಿಡಿದು ನಿಲ್ಲಿಸುವ ಕೊಂಡಿ ಇರಲಿಲ್ಲ. ಒಂದು ದಿನ ಗಟ್ಟಿ ಹುರಿಯೊಂದನ್ನು ಒತ್ತಿ ಕೊಯ್ಯುತ್ತಿರುವಾಗ ಅಲುಗು ಗಪ್ಪನೆ ಮಡಿಸಿಕೊಂಡು ಹೆಬ್ಬೆರಳನ್ನು ಕಚ್ಚಿತು. ನಂಬಿದ ಚಾಕು ಕೈಕೊಟ್ಟಿತು ಎಂದು ಅವನು ಹೇಳಿಕೊಂಡರೂ, ನಿಜ ನೋಡಿದರೆ ಅದು ಕೈಯನ್ನೇ ಕೇಳಿತ್ತು. ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಬ್ಯಾಂಡೇಜ್ ಬಿಚ್ಚಿ ನೋಡಿ ಅತ್ತೇಬಿಟ್ಟಳು. ದಿನಕ್ಕೆ ಎಷ್ಟೋ ಗಾಯ ನೋಡುವವಳು ಅಪ್ಪನ ಹೆಬ್ಬೆರಳಿಗೆ ಅತ್ತಳಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯೂ ಆಯಿತು.

"ಅಪ್ಪಾ, ಆ ದರಿದ್ರ ಚಾಕು ಇನ್ನು ಮುಟ್ಟಿದ್ರೆ ನನ್ನ ಮೇಲಾಣೆ" ಎಂದವಳು ವಾರವೆಲ್ಲ ಫೋನು ಹಿಡಿದು ಕೂತಳು. ಯಾವ ಉಕ್ಕು ಹರಿತ ಹಿಡಿಯುತ್ತದೆ, ಯಾವುದು ತುಕ್ಕು ಹಿಡಿಯುತ್ತದೆ, ಯಾವ ಕೊಂಡಿ ಜಾರುವುದಿಲ್ಲ ಎಂದೆಲ್ಲ ಓದಿ ಹೇಳಿದಳು. ಚಾಕಣ್ಣ ಆಕಳಿಸಿದ. "ಹುರಿ ಕೊಯ್ಯೋಕೆ ಇಷ್ಟೊಂದು ಓದ್ಬೇಕೇನಮ್ಮ? ನಾನು ಕಟ್ಟಿ ಕಳಿಸೋ ಪುಸ್ತಕಾನೂ ಇಷ್ಟು ಓದಿಲ್ಲ."

ಚಾಕು ಬಂತು. ಬೆಲೆ ಮಾತ್ರ ಮಗಳು ಹೇಳಲಿಲ್ಲ. "ಹೇಳಿದ್ರೆ ನೀನು ಉಪಯೋಗಿಸಲ್ಲ" ಎಂದಳು. ಸುಳ್ಳು ಹೇಳಬಾರದು, ಚಾಕು ಚಾಕೇ. ಹೆಬ್ಬೆರಳಲ್ಲಿ ಮೆಲ್ಲಗೆ ನೂಕಿದರೆ ಟಕ್ ಎಂದು ತೆರೆದು, ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಲ್ಲುತ್ತಿತ್ತು. ಹುರಿಗೆ ತಾಗಿಸಿದರೆ ಸಾಕು, ಹುರಿ ತಾನಾಗಿ ಎರಡಾಗುತ್ತಿತ್ತು. ಹಳೆಯದರಲ್ಲಿ ಗರಗಸದ ಹಾಗೆ ಎಳೆದು ಎಳೆದು ನೋಯುತ್ತಿದ್ದ ಮಣಿಕಟ್ಟು ಈಗ ನೋಯುತ್ತಿರಲಿಲ್ಲ. ಹಳೆಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ ಎಂದು ಚಾಕಣ್ಣ ಕಂಡವರಿಗೆಲ್ಲ ಸಾರಿದ. ಎರಡನೇ ದಿನ ಮೃದು ಬಟ್ಟೆ ತಂದ. ಮೂರನೆಯ ದಿನ ಎಣ್ಣೆ ತಂದ. ಆಮೇಲೆ ಊಟವಾದ ಮೇಲೆ ಕನ್ನಡಕ ಏರಿಸಿ ಅದನ್ನು ಒರೆಸುತ್ತ ಕೂರುವುದೇ ಅವನ ಕೆಲಸವಾಯಿತು.

ಹೆಂಡತಿ ಪಕ್ಕದ ಮನೆಯವಳಿಗೆ ಕೇಳುವಂತೆ ಹೇಳಿದಳು: "ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮೆಜಮಾನ್ರು ಚಾಕು ಸಾಕ್ತಾರೆ ನೋಡಿ. ದಿನಾ ಸ್ನಾನ, ಎಣ್ಣೆ, ಎಲ್ಲಾ ಇದೆ. ನನಗೆ ತಲೆಗೆ ಎಣ್ಣೆ ಹಾಕ್ಕೊಳ್ಳೋಕೆ ಪುರುಸೊತ್ತಿಲ್ಲ."

ಸಾಕಿದ ಪ್ರಾಣಿಯನ್ನು ಕಂಡವರ ಕೈಗೆ ಕೊಡಲು ಮನಸ್ಸು ಬರುತ್ತದೆಯೇ? ಪ್ರೂಫ್ ಅಮ್ಮ ಪೆನ್ಸಿಲ್ ತಂದರೆ, "ಪೆನ್ಸಿಲ್ ಪುಡಿ ಕೀಲಿನೊಳಗೆ ಹೋಗತ್ತಂತೆ ಅಮ್ಮ" ಎಂದ. ಬೈಂಡಿಂಗ್ ಅಕ್ಕನ ಸೇಬನ್ನು ಕೊಯ್ದ ನಿಜ. ಆದರೆ ಕೊಯ್ದ ಮರುಕ್ಷಣ, ಅವಳ ಎದುರಿಗೇ, ಅವಳು ಏನೋ ವಿಷ ಬಳಿದಳು ಎಂಬಂತೆ ಅಲುಗನ್ನು ಮೂರು ಸಲ ಒರೆಸಿದ. ಗುಡುಗಪ್ಪ ಶಾಯಿ ಡಬ್ಬಿ ಹಿಡಿದು ಬಾಗಿಲಲ್ಲಿ ಕಂಡದ್ದೇ ತಡ, ಜೇಬಿನ ಮೇಲೆ ಕೈ ಮುಚ್ಚಿಕೊಂಡು "ಅದೊಂದು ಬಿಟ್ಟು ಬೇರೇನಾದ್ರೂ ಕೇಳಪ್ಪ!" ಎಂದು ಗುಡುಗಪ್ಪನಿಗಿಂತ ಜೋರಾಗಿ ಕೂಗಿದ.

"ಇಟ್ಕೋ ನಿನ್ನ ರಾಜಕುಮಾರೀನ!" ಎಂದು ಗುಡುಗಪ್ಪ ಹೊರಟುಹೋದ. ಸಂಜೆಯೊಳಗೆ ರಸ್ತೆ ಬದಿಯವನಿಂದ ಹಳದಿ ಹಿಡಿಯ ಚಾಕೊಂದನ್ನು ತಂದುಕೊಂಡ.

ಯಾರೂ ಜಗಳವಾಡಲಿಲ್ಲ, ಯಾರೂ ಮುಖ ತಿರುಗಿಸಲಿಲ್ಲ. ಬರುವುದನ್ನು ಬಿಟ್ಟರು, ಅಷ್ಟೆ. ಚಾಕಣ್ಣನ ಕೋಣೆಯಲ್ಲಿ ಕಾಗದ ಸುತ್ತುವ ಸರಸರ ಸದ್ದು, ಆಗಾಗ ಒಂದು ಟಕ್. ಮೊದಮೊದಲು ಹಾಯೆನಿಸಿತು. ಕೆಲಸ ಬೇಗ ಮುಗಿಯುತ್ತಿತ್ತು. ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಅವನು ಕಟ್ಟಿದ ಕಟ್ಟನ್ನೇ ಬಿಚ್ಚಿ ಇನ್ನೂ ಚೆನ್ನಾಗಿ ಕಟ್ಟತೊಡಗಿದ. ಬಾಗಿಲಾಚೆ ಹೆಜ್ಜೆ ಸದ್ದಾದರೆ ಕತ್ತು ಚಾಚುತ್ತಿದ್ದ. ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ, "ಏನ್ರೀ, ಮನೆಗೆ ಪೇಪರ್ ಬರೋದು ನಿಂತ ಹಾಗಾಗಿದೆ. ನಿಮ್ಮ ಪ್ರೆಸ್ಸಲ್ಲಿ ಯಾರೂ ಬದುಕಿಲ್ವಾ?" ಎಂದು ಚುಚ್ಚಿದರೆ, "ಎಲ್ಲಾ ಆರಾಮಾಗಿದಾರೆ" ಎಂದು ತೇಲಿಸುತ್ತಿದ್ದ.

ಹೀಗೇ ವರ್ಷದ ಮೇಲಾಯಿತು. ಒಂದು ಸಂಜೆ ಅವಳು ತರಕಾರಿ ಚೀಲ ಇಳಿಸುತ್ತಲೇ ರೇಗಿದಳು. "ನಿಮ್ಮ ಬೈಂಡಿಂಗ್ ಅಕ್ಕ ಸಿಕ್ಕಿದ್ಲು. ಅಜ್ಜಿ ಆಗಿದಾಳೆ ಕಣ್ರೀ! ಮೊಮ್ಮಗಳು ಎದ್ದು ನಿಂತ್ಕೊಳ್ಳೋ ಹಾಗಾಗಿದೆಯಂತೆ. ಇಷ್ಟು ದಿನ ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಗೊತ್ತಿತ್ತು. ಮರೆತೆ" ಎಂದ ಚಾಕಣ್ಣ.

ಅವನಿಗೆ ಗೊತ್ತಿರಲಿಲ್ಲ. ಆ ಅಕ್ಕ ತನ್ನ ಮಗಳಿಗೆ ವರ ಹುಡುಕುವಾಗ ಇವನ ಮೇಜಿನ ಮೇಲೆಯೇ ಫೋಟೋಗಳನ್ನು ಹರಡಿ, "ಇವನ ಕಿವಿ ದೊಡ್ಡದಾಯ್ತಲ್ವಾ?" ಎಂದು ಕೇಳಿದ್ದಳು. ಆ ಮಗಳಿಗೆ ಮಗು ಹುಟ್ಟಿ, ಕೂತು, ನಿಲ್ಲುವುದಕ್ಕೂ ಬಂದಿದೆ. ಇವನಿಗೆ ತರಕಾರಿ ಚೀಲದ ಜೊತೆ ಸುದ್ದಿ ಬಂತು. ಚಾಕಣ್ಣನಿಗೆ ತುಂಬ ನೋವಾಯಿತು. ಯಾರ ಮೇಲೆ ಸಿಟ್ಟು ಮಾಡುವುದೆಂದು ಹುಡುಕಿದ. ತನ್ನನ್ನು ಬಿಟ್ಟು ಇನ್ನೊಬ್ಬರು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮಹಡಿ ಹತ್ತಿದ. ಇಷ್ಟು ವರ್ಷ ಎಲ್ಲರೂ ಅವನಲ್ಲಿಗೆ ಇಳಿದು ಬಂದದ್ದೇ ಹೊರತು ಅವನು ಯಾರಲ್ಲಿಗೂ ಹತ್ತಿ ಹೋದವನಲ್ಲ. ಪ್ರೂಫ್ ಅಮ್ಮನ ಬಾಗಿಲು ಮುಟ್ಟಿದ ಮೇಲೆ, ಬಂದದ್ದಕ್ಕೆ ಒಂದು ಕಾರಣ ಬೇಕಲ್ಲ ಎಂದು ಹೊಳೆಯಿತು. ಅಮ್ಮ ಕನ್ನಡಕದ ಮೇಲಿನಿಂದ ನೋಡಿದರು. ಗಾಬರಿಯಲ್ಲಿ ಚಾಕಣ್ಣನ ಬಾಯಿಂದ ಬಂದದ್ದು ಇಷ್ಟು: "ಅಮ್ಮಾ, ಒಂದು ಚಾಕು ಇದ್ರೆ ಕೊಡ್ತೀರಾ?"

ಅವನ ಜೇಬಿನ ಅಂಚಿನಲ್ಲಿ ಆ ದುಬಾರಿ ಚಾಕಿನ ಕ್ಲಿಪ್ಪು ಪಳಪಳ ಹೊಳೆಯುತ್ತಿತ್ತು. ಅಮ್ಮ ಅದನ್ನು ನೋಡಿದರು. ನೋಡದವರ ಹಾಗೆ ಮೇಜಿನ ಖಾನೆ ಎಳೆದು ತಡಕಾಡಿದರು.

"ಚಾಕು ಇಲ್ಲಪ್ಪ. ಇದಾಗತ್ತಾ ನೋಡು" ಎಂದು ಅವನ ಅಂಗೈಯಲ್ಲಿಟ್ಟದ್ದು ಪೆನ್ಸಿಲ್ ಹೆರೆಯುವ ಒಂದು ಪುಟ್ಟ ಶಾರ್ಪನರ್.

ಚಾಕಣ್ಣನಿಗೆ ಅರ್ಥವಾಯಿತು ಎನಿಸಿತು. "ನಾನು ಕೊಡಲ್ಲ ಅಂದ್ಮೇಲೆ ತಗೊಂಡ್ರಾ ಅಮ್ಮ?" ಎಂದ, ತಲೆ ತಗ್ಗಿಸಿ.

"ಅಯ್ಯೋ, ಅದು ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ಪ್ರೆಸ್ಸಿನವರೇ ಕೊಟ್ಟದ್ದು. ಚೆನ್ನಾಗೇ ಹೆರೆಯತ್ತೆ."

"ಹಾಗಾದ್ರೆ ಇಷ್ಟು ವರ್ಷ ದಿನಾ ಕೆಳಗೆ..."

"ಮೂವತ್ತು ಮೆಟ್ಟಿಲು ಇಳಿದು ಯಾರಾದ್ರೂ ಪೆನ್ಸಿಲ್ ಹೆರೆಯೋಕೆ ಬರ್ತಾರೇನೋ ಪೆದ್ದಾ?" ಎಂದು ಅಮ್ಮ ಮತ್ತೆ ಕರಡಿನ ಕಡೆ ತಿರುಗಿದರು. "ನಿಂತೇ ಇರ್ತೀಯಾ? ಕೂತ್ಕೋ. ಬೈಂಡಿಂಗ್ ಅಕ್ಕ ಮೊಮ್ಮಗಳ ಫೋಟೋ ತರ್ತೀನಿ ಅಂದಿದಾಳೆ, ಈಗ ಬರ್ತಾಳೆ."

ಚಾಕಣ್ಣ ಕೂತ. ಅಮ್ಮನ ಡಬ್ಬಿಯಿಂದ ಕೆಂಪು ಪೆನ್ಸಿಲ್ಲುಗಳನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡು, ಜೇಬಿನಿಂದ ಚಾಕು ತೆಗೆದು, ಒಂದೊಂದನ್ನೇ ಹೆರೆಯತೊಡಗಿದ. ಅವುಗಳಲ್ಲಿ ಅರ್ಧಕ್ಕರ್ಧ ಆಗಲೇ ಚೂಪಾಗಿದ್ದವು.