ಮೊಣಕೈ ನೋಡುವ ಅಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೇಟೆನಾಯಿಗಳ ಶೆಡ್ಡಿನ ಮುಂದಿನ ಸಿಮೆಂಟ್ ಅಂಗಳದಲ್ಲಿ ಅಕ್ಕ ಗಿಡ್ಡ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಎದುರಿಗೆ ನೀರು ತುಂಬಿದ ತಗಡಿನ ಟ್ರೇ. ಶೆಡ್ಡಿನ ಕೆಲಸದವನು ನಾಯಿಯೊಂದನ್ನು ಅದರಲ್ಲಿ ಹಾಯಿಸಿ, ಹಗ್ಗ ಹಿಡಿದು ಓಡಿಸುತ್ತಾನೆ. ಒಣ ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡುತ್ತವೆ. ನಾಯಿಯ ಮುಖವನ್ನು ಅಕ್ಕ ನೋಡುವುದೇ ಇಲ್ಲ.

"ಮುಖ ನೋಡಿದ್ರೆ ಮುಗೀತು, ಮನಸ್ಸು ಕರಗಿಬಿಡುತ್ತೆ. ಮೊಣಕೈ ನೋಡ್ಬೇಕು. ಎದೆಗೆ ಅಂಟ್ಕೊಂಡೇ ಹೋಗ್ತಿದ್ಯಾ, ಹೊರಗೆ ಬಿಚ್ಕೊಳ್ತಿದ್ಯಾ? ಆಮೇಲೆ ಹೆಜ್ಜೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳ್ಬೇಕು."

ಹೀಗಾಗಿ ಎಲ್ಲರ ಬಾಯಲ್ಲೂ ಅವರು 'ಮೊಣಕೈ ಅಕ್ಕ'. ವಯಸ್ಸು ಐವತ್ತೆಂಟು. ಶೆಡ್ಡು ತೊಳೆಯಲು ಬಂದು ಮೂವತ್ತೊಂದು ವರ್ಷವಾಯಿತು. ಕಣ್ಣು ಮುಚ್ಚಿಕೊಂಡು ನಾಯಿಯ ಮೈ ತಡವಿ, ಭುಜದ ಮೂಳೆಯ ಓರೆ, ಎದೆಯ ಆಳ, ಸೊಂಟದ ಬಿಗಿ ಗುರುತಿಸುವುದನ್ನು ಅಲ್ಲಿದ್ದ ಹಳೆಯ ತರಬೇತುದಾರ ಕಲಿಸಿದರು. ಈಗ ದಿನಕ್ಕೆ ನಲವತ್ತೆರಡು ನಾಯಿಗಳ ಕಾಲು, ಪಾದ, ಉಗುರು ಅವರ ಕೈಯಲ್ಲಿ ಹಾದುಹೋಗುತ್ತವೆ. ವರ್ಷಕ್ಕೆ ಹುಟ್ಟುವ ಅರವತ್ತು ಮರಿಗಳಲ್ಲಿ ತಳಿ ಮುಂದುವರಿಸಲು ಅವರು ಒಪ್ಪುವುದು ಹೆಚ್ಚೆಂದರೆ ನಾಲ್ಕನ್ನು.

"ನನ್ನನ್ನ ಒಪ್ಪೋ ಮುಂಚೆನೂ ಮೊಣಕೈನೇ ನೋಡಿರ್ಬೇಕು ಇವಳು," ಎಂದು ಲಾರಿ ಮೆಕ್ಯಾನಿಕ್ ಆಗಿರುವ ಗಂಡ ಕಿಚಾಯಿಸುತ್ತಾರೆ. "ನೋಡಿದ್ರೆ ಒಪ್ತಿರ್ಲಿಲ್ಲ," ಎನ್ನುತ್ತಾರೆ ಅಕ್ಕ, ತಲೆ ಎತ್ತದೆ.

ನಾಯಿಗಳ ಯಜಮಾನರ ಹಜಾರದ ತುಂಬ ಬಹುಮಾನದ ಕಪ್ಪುಗಳು, ಗೋಡೆಯ ತುಂಬ ಫೋಟೊಗಳು. ಅವುಗಳಲ್ಲಿ ಒಂದರಲ್ಲಿ ಮಾತ್ರ ಅಕ್ಕ ಇದ್ದಾರೆ; ಅದೂ ಹಗ್ಗ ಹಿಡಿದ ಕೈಯಷ್ಟೇ.

ಅವರೂ ಒಮ್ಮೆ ಎಡವಿದ್ದಾರೆ. ಹನ್ನೆರಡು ವರ್ಷಗಳ ಹಿಂದೆ ಒಂದು ಗಂಡು ನಾಯಿ, ನಿಂತರೆ ಕಣ್ಣು ತುಂಬುವಂತಿತ್ತು. ಹುಲ್ಲಿನ ಮೇಲೆ ಓಡಿಸಿ ನೋಡಿ ಹೂಂ ಎಂದರು. ಹುಲ್ಲಿನ ಮೇಲೆ ಯಾವ ನಾಯಿಯೂ ಚೆನ್ನಾಗಿಯೇ ಓಡುತ್ತದೆ. ಆದರೆ ಅದರ ಭುಜದ ಮೂಳೆ ಇರಬೇಕಾದಂತೆ ಓರೆಯಾಗಿರದೆ ನೆಟ್ಟಗಿತ್ತು. ಗಟ್ಟಿ ನೆಲದಲ್ಲಿ ಓಡುವಾಗ ಪೆಟ್ಟೆಲ್ಲ ಮುಂಗಾಲಿಗೇ ಬೀಳುತ್ತಿತ್ತು. ಅದರ ಮಕ್ಕಳಲ್ಲಿ ಹನ್ನೊಂದು, ಮೂರು ವರ್ಷ ತುಂಬುವಷ್ಟರಲ್ಲಿ ಕುಂಟತೊಡಗಿದವು. "ಅವು ಬೇಟೆಗೆ ಹೊರಟಾಗ ಬಾಲ ಅಲ್ಲಾಡಿಸ್ತಿದ್ವು, ವಾಪಸ್ ಬರೋವಾಗ ಕಾಲು ಎತ್ಕೊಂಡು ಬರ್ತಿದ್ವು. ನನಗೆ ಊಟ ಸೇರ್ತಿರ್ಲಿಲ್ಲ," ಎನ್ನುತ್ತಾರೆ. ಸಿಮೆಂಟ್ ಅಂಗಳ, ನೀರಿನ ಟ್ರೇ ಬಂದದ್ದು ಆಮೇಲೆ.

ಇವತ್ತಿನ ಪರೀಕ್ಷೆ ಬೂದ ಎಂಬ ನಾಯಿಯದು. ಹುಟ್ಟಿದ ಮೂರನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಇವನನ್ನು ಅಕ್ಕ ಮನೆಗೊಯ್ದು, ಎರಡೆರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದರು. ಈಗ ಶೆಡ್ಡಿನಲ್ಲೇ ಅತಿ ವೇಗದ ಗಂಡು. ಇವನ ಜೊತೆ ಕೂಡಿಸಲೆಂದೇ ದೂರದಿಂದ ಒಂದು ಹೆಣ್ಣು ನಾಯಿ ಬಂದಿದೆ. ಅದರ ಬೆದೆ ಇನ್ನೆರಡು ದಿನ. ಅಕ್ಕ ಹೂಂ ಎಂದರೆ ಬೂದನ ಸಂತಾನ ಬೆಳೆಯುತ್ತದೆ, ಊಹೂಂ ಎಂದರೆ ಅವನ ವಂಶ ಅವನಿಗೇ ಕೊನೆ.

ಬೂದ ಓಡುತ್ತಾನೆ. ಅಕ್ಕ ಇನ್ನೊಮ್ಮೆ ಓಡಿಸಲು ಕೈಸನ್ನೆ ಮಾಡುತ್ತಾರೆ. ಎರಡನೆಯ ಸಲ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ. ಮೂರನೆಯ ಸಲ ಎದ್ದು ಹೋಗಿ, ಒದ್ದೆ ಗುರುತುಗಳ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಎಡಗಡೆಯ ಹೆಜ್ಜೆಗಳು ಎರಡು ಬೆರಳಷ್ಟು ಪಕ್ಕಕ್ಕೆ ಬಿದ್ದಿವೆ.

"ಬೇಡ ಸಾರ್. ಎಡ ಮೊಣಕೈ ಬಿಚ್ಕೊಳ್ತಿದೆ. ಹೆಣ್ಣನ್ನ ವಾಪಸ್ ಕಳಿಸಿ," ಎನ್ನುತ್ತಾರೆ, ಅಂಗಳದ ಅಂಚಿನಲ್ಲಿ ನಿಂತ ಯಜಮಾನರಿಗೆ. ಬೂದ ಬಂದು ಅವರ ಸೆರಗಿಗೆ ಮೂತಿ ಒರೆಸುತ್ತಾನೆ. ಇವತ್ತು ಮೊದಲ ಬಾರಿಗೆ ಅಕ್ಕ ಅವನ ಮುಖ ಹಿಡಿದು ನೋಡುತ್ತಾರೆ.

ಯಜಮಾನರಿಗೆ ಸಮಾಧಾನವಿಲ್ಲ. "ಅಲ್ಲ ಅಕ್ಕ, ನೀವೇ ಕೈಯಾರೆ ಸಾಕಿದ್ದಲ್ವಾ ಇದನ್ನ?"

"ಅದಕ್ಕೇ ಸಾರ್ ಮೂರು ಸಲ ಓಡಿಸಿದ್ದು," ಎನ್ನುತ್ತಾರೆ ಅಕ್ಕ. "ಬೇರೆಯವರದ್ದಾಗಿದ್ರೆ ಒಂದೇ ಸಲಕ್ಕೆ ಬೇಡ ಅಂತಿದ್ದೆ."